ಎರಡನೇ ಸ್ಟೆಪ್ನಿ

ನಮ್ಮ ಮನೆಯಲ್ಲಿ ‘ಸ್ಟೆಪ್ನಿ’ ಎಂಬ ಮಾತನ್ನು ತಮಾಷೆಗೆ ಆಡುವ ಹಾಗಿರಲಿಲ್ಲ. ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ ಒಮ್ಮೆ ಊಟಕ್ಕೆ ಕೂತಾಗ, ಇಬ್ಬರು ಗೆಳತಿಯರ ಹಿಂದೆ ಸದಾ ಅಂಟಿಕೊಂಡಿರುತ್ತಿದ್ದ ಮೂರನೆಯವಳ ಬಗ್ಗೆ, ‘ಅವಳು ಅವರ ಸ್ಟೆಪ್ನಿ’ ಎಂದು ಹೇಳಿ ನಕ್ಕಿದ್ದೆ. ಅಕ್ಕನೂ ನಕ್ಕಳು. ಅಪ್ಪ ಅರ್ಧ ಊಟದಲ್ಲೇ ಕೈತೊಳೆದು ಎದ್ದುಹೋದ. ಆಯಿ, “ಆ ಮಾತು ಅವ್ರೆದುರು ಆಡ್ಬೇಡ ಮಗಾ” ಎಂದಳು. ಯಾಕೆ ಎಂದು ಕೇಳಿದ್ದಕ್ಕೆ, ಸಾರಿನ ಪಾತ್ರೆಯ ಮುಚ್ಚಳ ಹುಡುಕುವವಳಂತೆ ಒಳಗೆ ಹೋದಳು.

ಅಪ್ಪನದು ಅಂಕೋಲಾದ ಬಾಳೆಗುಳಿಯಲ್ಲಿ ಪಂಚರ್ ಅಂಗಡಿ. ಗೋವಾ–ಮಂಗಳೂರು ಹೆದ್ದಾರಿಗೆ ಹುಬ್ಬಳ್ಳಿಯ ಹೆದ್ದಾರಿ ಬಂದು ಸೇರುವ ಜಾಗ ಅದು. ಹುಬ್ಬಳ್ಳಿ ದಾರಿಯ ನಂಬರು ಮೊದಲು 63 ಆಗಿತ್ತು, ಈಗ 52. ಕಾಗದದ ಮೇಲೆ ಅದು ಪಂಜಾಬಿನ ಸಂಗ್ರೂರಿನಲ್ಲಿ ಶುರುವಾಗಿ, 2300 ಕಿಲೋಮೀಟರಿಗೂ ಹೆಚ್ಚು ಓಡಿ, ನಮ್ಮೂರಲ್ಲಿ ಬಂದು ಮುಗಿಯುತ್ತದೆ. ಅಪ್ಪನ ಲೆಕ್ಕದಲ್ಲಿ ಮಾತ್ರ ಅದು ನಮ್ಮೂರಲ್ಲೇ ಶುರುವಾಗುವುದು. ನಾನು ಬೆಳೆದದ್ದು ಆ ಅಂಗಡಿಯ ಸೊಲ್ಯೂಶನ್ ವಾಸನೆಯಲ್ಲಿ, ಟ್ಯೂಬು ಮುಳುಗಿಸಿ ಗುಳ್ಳೆ ನೋಡುವ ಕಬ್ಬಿಣದ ತೊಟ್ಟಿಯ ಪಕ್ಕದಲ್ಲಿ. ಬಳ್ಳಾರಿ ಕಡೆಯ ಅದಿರು ಹೊತ್ತ ಲಾರಿಗಳು ಬೇಲೆಕೇರಿ ಬಂದರಿಗೆ ಸಾಲುಗಟ್ಟಿ ಇಳಿಯುತ್ತಿದ್ದ ವರ್ಷಗಳಲ್ಲಿ ಅಂಗಡಿಗೆ ಹಗಲು ರಾತ್ರಿ ಇರಲಿಲ್ಲ. ಆ ಅದಿರಿನ ಕಥೆ ಆಮೇಲೆ 2011ರ ಲೋಕಾಯುಕ್ತ ವರದಿಯಲ್ಲಿ ದಾಖಲಾಯಿತು. ನಮಗದು ಒಣಹಾಕಿದ ಬಟ್ಟೆಯ ಮೇಲಿನ ಕೆಂಪು ಧೂಳಾಗಿ ಮೊದಲೇ ಗೊತ್ತಿತ್ತು.

ಅಷ್ಟು ಗಿರಾಕಿ ಇದ್ದ ಕಾಲದಲ್ಲೂ ಅಪ್ಪ ಒಂದು ವಿಷಯದಲ್ಲಿ ಯಾರ ಮಾತೂ ಕೇಳುತ್ತಿರಲಿಲ್ಲ. ಆಗಿನ ಲಾರಿಗಳ ಡಿಸ್ಕು ಒಂದೇ ತುಂಡಿನದಲ್ಲ. ಟೈರನ್ನು ಕೂರಿಸಿ, ಅದು ಹೊರಬಾರದಂತೆ ಒಂದು ಕಬ್ಬಿಣದ ಬಳೆ ಬಿಗಿದಿರುತ್ತಾರೆ. ಅದೇ ಲಾಕ್ ರಿಂಗ್. ಒಳಗೆ ನೂರರ ಆಸುಪಾಸು ಪೌಂಡಿನ ಗಾಳಿ. ರಿಂಗು ತನ್ನ ಗಾಡಿಯಲ್ಲಿ ಸರಿಯಾಗಿ ಕೂರದಿದ್ದರೆ, ಅಥವಾ ತುಕ್ಕು ತಿಂದು ತೆಳ್ಳಗಾಗಿದ್ದರೆ, ಗಾಳಿ ತುಂಬುತ್ತಿದ್ದ ಹಾಗೆ ಅದು ಗುಂಡಿನಂತೆ ಹಾರುತ್ತದೆ. ಅಪ್ಪ ಅಂಥ ಚಕ್ರಕ್ಕೆ ದಪ್ಪ ಸರಪಳಿ ಸುತ್ತದೆ ಗಾಳಿ ಹಾಕುತ್ತಿರಲಿಲ್ಲ. ಸುತ್ತಿ, ಪೈಪು ಸಿಕ್ಕಿಸಿ, ಸುತ್ತಲಿದ್ದವರನ್ನೆಲ್ಲ ರಸ್ತೆಯವರೆಗೆ ಅಟ್ಟುತ್ತಿದ್ದ. ಅವಸರದ ಡ್ರೈವರುಗಳು ಬೈದು, ಪಕ್ಕದ ಕೇರಳದವನ ಅಂಗಡಿಗೆ ಹೋಗುತ್ತಿದ್ದರು. ಹೋಗಲಿ ಎನ್ನುತ್ತಿದ್ದ.

ಕಳೆದ ಮೇ ತಿಂಗಳಲ್ಲಿ ಕಾರವಾರದ ಭಾವ ಒಂದು ಸುದ್ದಿ ತಂದರು. ಬೈತಖೋಲ್ ಬಂದರಿನ ಪಕ್ಕ ನಿಲ್ಲಿಸಿದ್ದ ಅವರ ಸಣ್ಣ ಫೈಬರ್ ದೋಣಿ ಮಾರಾಟವಾಗಿತ್ತು. ಕೊಂಡವರು ಕೊಲ್ಹಾರದವರು. ಅಲ್ಲಿ ಕೃಷ್ಣೆಗೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಸಮುದ್ರದ ಹಾಗೆ ಹರಡಿಕೊಂಡಿದೆ. ಹರಿಗೋಲಿನಲ್ಲಿ ಮೀನು ಹಿಡಿಯುತ್ತಿದ್ದವರಿಗೆ ದೊಡ್ಡ ದೋಣಿ ಬೇಕಾಗಿತ್ತು. ಕರಾರು ಒಂದೇ: ದೋಣಿ ಅವರ ನೀರಿಗೆ ಇಳಿದ ಮೇಲೆ ದುಡ್ಡು. ಭಾವನಿಗೆ ಎಂಜಿನ್ ಸಾಲದ ಕಂತು ಕತ್ತಿನ ಮೇಲಿತ್ತು. ಜೂನ್ 1ರಿಂದ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಮಳೆ ಬೇರೆ. ಅಷ್ಟರೊಳಗೆ ಮುಗಿಸಬೇಕು. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಟ್ರೇಲರು ಅವರ ಬಳಿಯೇ ಇತ್ತು. ಎಳೆಯಲು ಸ್ನೇಹಿತರ ಪಿಕಪ್ಪು. ಕಾರವಾರದಿಂದ ಅಂಕೋಲಾ 35 ಕಿಲೋಮೀಟರು, ಅಲ್ಲಿಂದ ಕೊಲ್ಹಾರ ಸುಮಾರು 300. ಭಾವ ಅಂಕೋಲಾದವರೆಗೆ ಬಂದು, ಅಪ್ಪನಿಗೆ ಒಂದು ಸಲ ಟೈರು ತೋರಿಸಿ, ಚಾ ಕುಡಿದು, ಅದೇ ರಾತ್ರಿ ಹೊರಡುವವರಿದ್ದರು.

ಹೊರಟದ್ದು ನಾಲ್ಕನೇ ದಿನ.

ಅಪ್ಪನಿಗೆ ಎಪ್ಪತ್ತೊಂದು. ಮಂಡಿ ಊರಲು ಆಗದೆ ಅಂಗಳದಲ್ಲಿ ಮಣೆ ಹಾಕಿಸಿಕೊಂಡು ಕೂತ. ಟ್ರೇಲರಿನ ಟೈರುಗಳು ನೋಡಲು ಹೊಸವು. ಹಳೇ ಜೀಪಿನ 16 ಇಂಚಿನ ಟೈರು, ಕಚ್ಚು ಚೂರೂ ಸವೆದಿರಲಿಲ್ಲ, ಕಾರ್ಖಾನೆಯಿಂದ ಬರುವಾಗಿನ ರಬ್ಬರಿನ ಮುಳ್ಳುಗಳು ಕೂಡ ಅಲ್ಲಲ್ಲಿ ಇದ್ದವು. “ನೂರು ಕಿಲೋಮೀಟ್ರು ಓಡಿಲ್ಲ ಮಾವ. ಮನೆಯಿಂದ ಧಕ್ಕೆಗೆ, ಧಕ್ಕೆಯಿಂದ ಮನೆಗೆ ಅಷ್ಟೇ” ಎಂದರು ಭಾವ. ಅಪ್ಪ ಟೈರಿನ ಪಕ್ಕೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ನನ್ನನ್ನು ಕರೆದ. “ನಂಬರು ಓದು ಮಗಾ, ನಂಗೆ ಕಾಣೂದಿಲ್ಲ.” ಸಣ್ಣ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ: 1916. 2016ನೇ ಇಸವಿಯ 19ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಅಪ್ಪ ಹೆಬ್ಬೆರಳಿನಿಂದ ಪಕ್ಕೆಯನ್ನು ಒತ್ತಿ ತೋರಿಸಿದ. ಬೇಸಿಗೆಯ ಗದ್ದೆಯಂತೆ ಕೂದಲೆಳೆಯ ಬಿರುಕುಗಳು ಬಾಯಿಬಿಟ್ಟವು.

“ಓಡ್ಲಿಲ್ಲ ಅಂತ್ಲೇ ಹಾಳಾದ್ದು” ಎಂದ.

ಇದು ಅವನ ಒಗಟಲ್ಲ. ಟೈರಿನ ರಬ್ಬರಿನಲ್ಲಿ, ಗಾಳಿಯ ಓಝೋನು ಮತ್ತು ಆಮ್ಲಜನಕ ಅದನ್ನು ತಿನ್ನದಂತೆ ಕಾಪಾಡುವ ಮೇಣದಂಥ ವಸ್ತುಗಳನ್ನು ಬೆರೆಸಿರುತ್ತಾರೆ. ಟೈರು ಉರುಳಿ ಉಬ್ಬಿ ಬಾಗಿದಾಗ ಅವು ಒಳಗಿನಿಂದ ಮೇಲ್ಮೈಗೆ ಒಸರುತ್ತವೆ. ನಿಂತ ಟೈರಿನಲ್ಲಿ ಆ ಒಸರು ಸರಿಯಾಗಿ ನಡೆಯುವುದಿಲ್ಲ. ಹಾಗಾಗಿ ದಿನವೂ ದುಡಿಯುವ ಲಾರಿಯ ಟೈರು ಸವೆದು ಸಾಯುತ್ತದೆ. ವರ್ಷವಿಡೀ ನಿಂತ ಟ್ರೇಲರಿನದು, ಮುಟ್ಟದೇ ಇಟ್ಟ ಸ್ಟೆಪ್ನಿಯದು, ನಿಂತಲ್ಲೇ ಮುದಿಯಾಗುತ್ತದೆ. ಕಚ್ಚು ನೋಡಿ ಮೋಸಹೋಗುವವರೇ ಹೆಚ್ಚು.

ಟ್ರೇಲರಿನ ಅಡಿಯಲ್ಲಿ ಕಟ್ಟಿದ್ದ ಸ್ಟೆಪ್ನಿಯ ಸ್ಥಿತಿ ಇನ್ನೂ ಕೇಡು. ದೋಣಿ ಇಳಿಸುವಾಗಲೆಲ್ಲ ಟ್ರೇಲರು ಉಪ್ಪುನೀರಿಗೆ ಇಳಿಯುತ್ತದಲ್ಲ, ಡಿಸ್ಕು ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು. ಅದನ್ನು ಹಿಡಿದಿದ್ದ ಬೋಲ್ಟು ಬಿಚ್ಚಲಿಕ್ಕೇ ಒಂದು ಸಂಜೆ ಹಿಡಿಯಿತು. “ಇದು ಕುಳಗೇರಿ ಕ್ರಾಸಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಬಿಚ್ಚೂದಾಗಿದ್ರೆ?” ಎಂದು ಅಪ್ಪ ಕೇಳಿದ. ಭಾವ ಮಾತಾಡಲಿಲ್ಲ.

ಅಪ್ಪನ ಬೇಡಿಕೆ: ಕೆಳಗೆ ಎರಡು ಹೊಸ ಟೈರು, ಮೇಲೆ ಎರಡು ಸ್ಟೆಪ್ನಿ. ಭಾವನಿಗೆ ಸಿಟ್ಟು ಬಂತು. “ಮಾವ, ದೋಣಿ ಮಾರಿದ ದುಡ್ಡು ಟೈರಿಗೇ ಹೋಗೂದಾದ್ರೆ ದೋಣಿ ಎಂತಕ್ಕೆ ಮಾರೂದು? ಒಂದು ಸ್ಟೆಪ್ನಿ ಸಾಕು.” ನನಗೂ ಹಾಗೆಯೇ ಅನ್ನಿಸಿತು. ಆಗ ಅಪ್ಪ ಹೇಳಿದ್ದು, ಲಾರಿ ಓಡಿಸದವರಿಗೆ ಹೊಳೆಯದ ಮಾತು. ಲಾರಿಯ ಟೈರು ಇಳಿದರೆ ಸ್ಟೇರಿಂಗಿಗೆ ಗೊತ್ತಾಗುತ್ತದೆ, ಕುಂಡೆಗೆ ಗೊತ್ತಾಗುತ್ತದೆ. ಹಿಂದೆ ಎಳೆದುಕೊಂಡು ಬರುವ ಟ್ರೇಲರಿನದು ಡ್ರೈವರಿಗೆ ಗೊತ್ತೇ ಆಗುವುದಿಲ್ಲ. ಸಣ್ಣ ಪಂಚರ್ ಆದ ಟೈರನ್ನು ಒಂದೆರಡು ಕಿಲೋಮೀಟರು ಎಳೆದು, ಅದು ಚಿಂದಿಯಾಗಿ, ಹೊಗೆ ಬಂದ ಮೇಲೆಯೇ ನಿಲ್ಲಿಸುವುದು. ಹತ್ತು ನಿಮಿಷದಲ್ಲಿ ಪ್ಯಾಚ್ ಹಾಕಬಹುದಾದ ಟೈರು, ಅದರ ಜೊತೆ ಟ್ಯೂಬು, ಕೆಲವೊಮ್ಮೆ ಡಿಸ್ಕು, ಎಲ್ಲವೂ ಹೋದವು. ಮೊದಲನೇ ಸ್ಟೆಪ್ನಿ ಹಾಕಿಕೊಂಡು ಹೊರಟ ಮೇಲೆ, ಉಳಿದ ದಾರಿಗೆ ಸ್ಟೆಪ್ನಿ ಇಲ್ಲ. “ಒಂದನೇದು ಟ್ರೇಲರಿಗೆ. ಎರಡನೇದು ನಿನ್ನ ಜೀವಕ್ಕೆ.”

ಕೊನೆಗೆ ರಾಜಿಯಾಯಿತು. ಮೂರು ಹೊಸ ಟೈರು ಕೊಳ್ಳುವುದು. ನಾಲ್ಕನೆಯದನ್ನು ಅಪ್ಪ ತನ್ನ ಅಂಗಡಿಯ ಅಟ್ಟದಿಂದ ಆರಿಸಿದ. ಓಡಿದ ಟೈರು, ಕಚ್ಚು ಅರ್ಧ ಸವೆದದ್ದು, ಆದರೆ ರಬ್ಬರು ಮೆತ್ತಗಿತ್ತು, ವಯಸ್ಸು ಎರಡೇ ವರ್ಷ. ರಿಸೋಲ್ ಮಾಡಿಸಿದ್ದು ಕಡಿಮೆಗೆ ಸಿಗುತ್ತದೆ ಎಂದು ಭಾವ ಅಂದಾಗ, ಬಯಲುಸೀಮೆಯ ಬಿಸಿಲಿಗೆ ಅಂಟಿಸಿದ ಪಟ್ಟಿ ಏಳುತ್ತದೆಂದು ಅಪ್ಪ ತಲೆಯಾಡಿಸಿದ. ಒಳ್ಳೆ ಕಡೆ ಮಾಡಿಸಿದ ರಿಸೋಲಿನಲ್ಲಿ ಎಷ್ಟೋ ಲಾರಿಗಳು ಓಡುತ್ತವೆ. ಈ ಒಂದು ವಿಷಯದಲ್ಲಿ ಅಪ್ಪನದು ಬರೀ ಹಟ ಎಂದು ನನಗನ್ನಿಸುತ್ತದೆ.

ಉಳಿದ ದಿನಗಳು ಹೋದದ್ದು ಟೈರಿನ ಸುತ್ತಲಿನ ಕೆಲಸಕ್ಕೆ. ಹಬ್ಬು ಬಿಚ್ಚಿ, ಉಪ್ಪುನೀರು ಕುಡಿದ ಬೇರಿಂಗ್ ಬದಲಿಸಿ, ಹೊಸ ಗ್ರೀಸು. ಪಿಕಪ್ಪಿನ ಪಾನಾ ಟ್ರೇಲರಿನ ನಟ್ಟಿಗೆ ಹಿಡಿಯುತ್ತಿರಲಿಲ್ಲ. ಬೇರೆಯದು ತಂದೆವು, ಜೊತೆಗೆ ಅದರ ಹಿಡಿಗೆ ತೂರಿಸಿ ಒತ್ತಲು ಎರಡಡಿ ಪೈಪು. ಪಿಕಪ್ಪಿನ ಜಾಕು ಟ್ರೇಲರಿನ ಅಡಿಗೆ ಹೋಗುತ್ತಿತ್ತು. “ಗಾಳಿ ತೆಗೆದು ನೋಡು” ಎಂದ ಅಪ್ಪ. ಗಾಳಿ ಬಿಟ್ಟು ಟೈರು ಚಪ್ಪಟೆಯಾದಾಗ ಎಕ್ಸೆಲ್ಲು ಕೆಳಗಿಳಿದು, ಜಾಕಿಗೆ ಜಾಗವೇ ಇಲ್ಲ! ಚಿಕ್ಕ ಜಾಕು ಹುಡುಕಿದ್ದಾಯಿತು. ಅದು ಮಣ್ಣಿಗೆ ಹೂಳದಂತೆ ಅಡಿಗಿಡಲು ಹಲಸಿನ ಹಲಗೆ, ಚಕ್ರಕ್ಕೆ ಒತ್ತುಕೊಡಲು ಎರಡು ಮರದ ತುಂಡು, ಎರಡು ಟ್ಯೂಬು, ವಾಲ್ವಿನ ಪಿನ್ನುಗಳು. ಮೂರನೇ ದಿನ ರಾತ್ರಿ ಅಂಗಳದ ಲೈಟು ಆರಿಸಿ, ಮೊಬೈಲಿನ ಬೆಳಕಿನಲ್ಲಿ ನಾನು ಮತ್ತು ಭಾವ ಒಂದು ಚಕ್ರ ಬಿಚ್ಚಿ ಹಾಕಬೇಕು ಎಂದ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಭಾವ ನಗುತ್ತ, “ಮೇಡಮ್ಮಿಗೆ ಪ್ರಾಕ್ಟಿಕಲ್ ಪರೀಕ್ಷೆ” ಎಂದರು. ನಲವತ್ತು ನಿಮಿಷ ತೆಗೆದುಕೊಂಡೆವು. ಅಪ್ಪ ಮತ್ತೆ ಮಾಡಿಸಿದ.

ಕೊನೆಗೆ ಗಾಳಿ. ಈ ಡಿಸ್ಕು ಒಂದೇ ತುಂಡಿನದು, ರಿಂಗಿನ ಮಾತೇ ಇಲ್ಲ. ಆದರೂ ಅಪ್ಪ ಸರಪಳಿ ತರಿಸಿ ಸುತ್ತಿದ. ನಮ್ಮನ್ನು ಗೇಟಿನ ಹೊರಗೆ ಕಳಿಸಿದ. ಭಾವ ಜೋರಾಗಿ ನಕ್ಕು, “ಮಾವ, ಇದಕ್ಕೆ ರಿಂಗೇ ಇಲ್ಲ!” ಎಂದರು. ಅಪ್ಪ ಕಿವಿ ಕೇಳದವನಂತೆ ಮೀಟರು ನೋಡುತ್ತಿದ್ದ. ಆಮೇಲೆ ಬೆರಳಿಗೆ ಉಗುಳು ಹಚ್ಚಿ ವಾಲ್ವಿನ ಬಾಯಿಗೆ ಸವರಿ, ಗುಳ್ಳೆ ಏಳುತ್ತದೆಯೇ ಎಂದು ಬಹಳ ಹೊತ್ತು ನೋಡಿದ.

ಸ್ಟೆಪ್ನಿ ಎಂಬ ಶಬ್ದ ಎಲ್ಲಿಯದು ಎಂದು ನಾನು ಹುಡುಕಿದ್ದು ಆ ರಾತ್ರಿ, ನಿದ್ದೆ ಬಾರದೆ. ಅದೊಂದು ಬೀದಿಯ ಹೆಸರು. ವೇಲ್ಸ್ ದೇಶದ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರಲ್ಲಿ ಡೇವಿಸ್ ಎಂಬ ಅಣ್ಣತಮ್ಮಂದಿರು ಕಾರಿಗೊಂದು ಹೆಚ್ಚುವರಿ ಚಕ್ರ ಮಾಡಿ ಮಾರಲು ಶುರುಮಾಡಿದರು. ಆಗ ಕಾರುಗಳಿಗೆ ಅಂಥದ್ದೇ ಇರಲಿಲ್ಲ. ದಾರಿ ತುಂಬ ಕುದುರೆ ಲಾಳದ ಮೊಳೆಗಳು. ಅವರ ಚಕ್ರಕ್ಕೆ ನಡುವಿನ ಕಡ್ಡಿಗಳಿರಲಿಲ್ಲ, ಬರೀ ಬಳೆ ಮತ್ತು ಗಾಳಿ ತುಂಬಿದ ಟೈರು. ಪಂಚರಾದ ಚಕ್ರವನ್ನು ಬಿಚ್ಚದೆ, ಅದರ ಪಕ್ಕಕ್ಕೇ ಇದನ್ನು ಬಿಗಿದು ಓಡಿಸುವುದು. ಇಂಗ್ಲೆಂಡಿನವರು ಆ ಶಬ್ದವನ್ನು ಮರೆತಿದ್ದಾರೆ. ಬಾಳೆಗುಳಿಯಲ್ಲಿ ಅದಿಲ್ಲದೆ ದಿನ ಹೋಗುವುದಿಲ್ಲ.

ಬೆಳಗಿನ ನಾಲ್ಕಕ್ಕೆ ಹೊರಟಾಗ ಅಪ್ಪ ಮೊದಲೇ ಪಿಕಪ್ಪಿನಲ್ಲಿ ಕೂತಿದ್ದ, ಕಾಲಡಿ ಒಂದು ಚೀಲ. ಬೇಡವೆಂದು ಆಯಿ ಹೇಳಿ ಸೋತಿದ್ದಳು. ಭಾವ ಸ್ಟೇರಿಂಗು, ನಡುವೆ ಅಪ್ಪ, ಎಡಗಡೆ ನಾನು. ನನ್ನ ಕೆಲಸ ಕನ್ನಡಿ ಮತ್ತು ಹಿಂದಿನ ಗಾಜಿನಲ್ಲಿ ಟ್ರೇಲರಿನ ಚಕ್ರಗಳನ್ನು ನೋಡುತ್ತಿರುವುದು. ಸುಂಕಸಾಳ, ರಾಮನಗುಳಿ, ಪಕ್ಕದಲ್ಲಿ ಕತ್ತಲೆಯ ಗಂಗಾವಳಿ. ಗುಳ್ಳಾಪುರದಲ್ಲಿ ನಿಲ್ಲಿಸಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿದೆವು. ಹೊಸದಾಗಿ ಹಾಕಿದ ಚಕ್ರ ಸ್ವಲ್ಪ ಓಡಿದ ಮೇಲೆ ಕೂತುಕೊಂಡು ನಟ್ಟು ಸಡಿಲಾಗುತ್ತದೆ. ಎರಡು ನಟ್ಟು ಕಾಲು ಸುತ್ತು ತಿರುಗಿದವು. ಭಾವ ನನ್ನ ಮುಖ ನೋಡಿದರು.

ಅರಬೈಲ್ ಘಟ್ಟ ಹತ್ತುವಾಗ ಅಪ್ಪ ಮಾತು ನಿಲ್ಲಿಸಿದ. ಮೇಲೆ ಬಂದ ಮೇಲೆ, ಯಲ್ಲಾಪುರ ಇನ್ನೂ ಮುಂದಿರುವಾಗ, ಒಂದು ಅಡ್ಡರಸ್ತೆಯ ಬಾಯಲ್ಲಿ “ಇಲ್ಲಿ ನಿಲ್ಸು” ಎಂದ. ಪ್ರತಿವರ್ಷ ಮಳೆಗೆ ಮೊದಲು ಅಪ್ಪ ಒಂದು ದಿನ ಘಟ್ಟದ ಮೇಲೆ ಹೋಗಿಬರುತ್ತಾನೆಂದು ನನಗೆ ಗೊತ್ತಿತ್ತು. ಹಳೇ ಟೈರಿನ ವ್ಯಾಪಾರವೆಂದುಕೊಂಡಿದ್ದೆ. ಹೆಂಚಿನ ಮನೆಯಿಂದ ಒಬ್ಬ ಮುದುಕಿ ಕೋಲೂರಿ ಬಂದಳು.

“ಬಂದ್ರಾ ಡ್ರೈವರ್ರೇ” ಎಂದಳು.

ಅಪ್ಪ ಲಾರಿ ಬಿಟ್ಟು ಮೂವತ್ತು ವರ್ಷ. ಚೀಲ ಕೊಟ್ಟ, ಒಣಮೀನು, ಸಾಣಿಕಟ್ಟೆಯ ಉಪ್ಪು. ಅವಳು ಅದನ್ನು ಕೆಳಗಿಟ್ಟು ದೋಣಿಯ ಸುತ್ತ ಒಂದು ಸುತ್ತು ಬಂದಳು. ಕೈಯಿಂದ ಸವರಿದಳು. “ಇದ್ರಲ್ಲಿ ಎಷ್ಟು ಜನ ಹಿಡೀತಾರೆ?” ಎಂದು ಭಾವನನ್ನು ಕೇಳಿದಳು. ಐದಾರು ಎಂದರು ಭಾವ. “ಮುಳುಗೂದಿಲ್ವಾ?” ಇಲ್ಲ ಎಂದರು. ಅವಳಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಚಾ ಕುಡಿದೇ ಹೋಗಬೇಕೆಂದಳು, ಕುಡಿದೆವು. ಒಳಗಿನ ಗೋಡೆಯಲ್ಲಿ ಹುಡುಗನ ಫೋಟೊ ಇತ್ತು. ಹದಿನಾರೋ ಹದಿನೇಳೋ. ಮೀಸೆ ಸರಿಯಾಗಿ ಬಂದಿರಲಿಲ್ಲ.

ಕಿರವತ್ತಿ ದಾಟುವವರೆಗೆ ಯಾರೂ ಮಾತಾಡಲಿಲ್ಲ. ಆಮೇಲೆ ಅಪ್ಪ, ರಸ್ತೆಯನ್ನೇ ನೋಡುತ್ತ, ಹೇಳಿದ. 1994. ಸಾಣಿಕಟ್ಟೆಯಿಂದ ಹುಬ್ಬಳ್ಳಿಗೆ ಉಪ್ಪಿನ ಲೋಡು. ಘಟ್ಟದಲ್ಲಿ ಹಿಂದಿನ ಟೈರು ಹೋಯಿತು. ಸ್ಟೆಪ್ನಿ ಇಳಿಸಿದರೆ ಅದರಲ್ಲಿ ಗಾಳಿ ಕಡಿಮೆ. ಲಾರಿಯ ಏರ್ ಟ್ಯಾಂಕಿನಿಂದ ಪೈಪು ಹಾಕಿ ತುಂಬು ಎಂದು ಕ್ಲೀನರ್ ಹುಡುಗನಿಗೆ ಹೇಳಿ, ತಾನು ಬೀಡಿ ಹಚ್ಚಲು ಮುಂದೆ ಹೋದ. ರಿಂಗು ಹಾರಿದ ಶಬ್ದ ಕಣಿವೆಯಲ್ಲಿ ಎರಡು ಸಲ ಕೇಳಿತು. ಇಷ್ಟನ್ನು ಆಯಿ ನಂತರದ ವರ್ಷಗಳಲ್ಲಿ ನನಗೆ ಅರ್ಧಂಬರ್ಧ ಹೇಳಿದ್ದಳು. ಅವಳಿಗೂ ಗೊತ್ತಿಲ್ಲದ್ದನ್ನು ಅಪ್ಪ ಈಗ ಹೇಳಿದ.

“ರಿಂಗಿಗೆ ತುಕ್ಕು ಹಿಡಿದದ್ದು ನಾನು ಸಾಣಿಕಟ್ಟೆಯಲ್ಲೇ ನೋಡಿದ್ದೆ. ವಾರದ ಮೊದ್ಲೇ ನೋಡಿದ್ದೆ. ಸ್ಟೆಪ್ನಿ ಅಲ್ವಾ, ಹೋಗಿ ಬಂದು ಮಾಡಿಸ್ವ ಅಂದ್ಕಂಡೆ.”

ಭಾವ ಗೇರು ಬದಲಿಸಿದರು. ನಾನು ಕನ್ನಡಿ ನೋಡಿದೆ. ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಮಾರಿದ ಲಾರಿ, ಪಂಚರ್ ಅಂಗಡಿ, ಸರಪಳಿ, ಅರ್ಧಕ್ಕೆ ಬಿಟ್ಟ ಆ ಊಟ, ಒಂದೊಂದೇ ಬಂದು ಪಕ್ಕದಲ್ಲಿ ಕೂತವು. ಅವಳಿಗೆ ಗೊತ್ತಾ ಎಂದು ಕೇಳಬೇಕೆನಿಸಿತು, ಆ ಮುದುಕಿಗೆ. ಕೇಳಲಿಲ್ಲ. ಹುಬ್ಬಳ್ಳಿಯಲ್ಲಿ ಇಡ್ಲಿ ತಿನ್ನುವಾಗ ಅಪ್ಪನೇ, “ಅವ್ಳಿಗೆ ಹೇಳ್ದೆ, ಎರಡನೇ ವರ್ಷವೇ. ಆದ್ರೂ ಬಾ ಅಂದ್ಳು” ಎಂದ.

ನವಲಗುಂದ ದಾಟಿದ ಮೇಲೆ ನೆರಳಿಲ್ಲ. ಎರಡೂ ಕಡೆ ಬಿರುಕು ಬಿಟ್ಟ ಕಪ್ಪು ನೆಲ, ಮೇಲೆ ಮೇ ತಿಂಗಳ ಸೂರ್ಯ. ಅಪ್ಪ ಪ್ರತಿ ಗಂಟೆಗೊಮ್ಮೆ ನಿಲ್ಲಿಸಿ ಅಂಗೈಯ ಹಿಂಭಾಗದಿಂದ ಟೈರು ಮುಟ್ಟಿ ನೋಡುತ್ತಿದ್ದ. ಗಾಳಿ ಕಡಿಮೆಯಿದ್ದ ಟೈರು ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ. ಎರಡು ಟೈರಿನ ಬಿಸಿಯಲ್ಲಿ ವ್ಯತ್ಯಾಸವಿದ್ದರೆ ಹೆಚ್ಚು ಬಿಸಿಯಾದದ್ದರಲ್ಲಿ ಏನೋ ಇದೆ ಎಂದರ್ಥ. ನರಗುಂದದ ಆಚೆ ಹಾಗೆ ಮುಟ್ಟಿ ಹೊರಟು ಹತ್ತು ನಿಮಿಷವಾಗಿರಬೇಕು, ಕನ್ನಡಿಯಲ್ಲಿ ಎಡಗಡೆ ಚಕ್ರದ ಕೆಳಭಾಗ ತುಸು ಅಗಲವಾದ ಹಾಗೆ ಕಂಡಿತು. ಬಿಸಿಲ ಝಳಕ್ಕೆ ಹಾಗೆ ಕಾಣುತ್ತದೇನೋ ಅಂದುಕೊಂಡೆ. ಮತ್ತೆ ನೋಡಿದೆ. “ನಿಲ್ಸಿ ಭಾವ, ನಿಲ್ಸಿ!”

ಟೈರು ಅರ್ಧ ಇಳಿದಿತ್ತು, ಚಿಂದಿಯಾಗಿರಲಿಲ್ಲ. ಮರದ ತುಂಡು, ಹಲಗೆ, ಚಿಕ್ಕ ಜಾಕು, ಪೈಪು. ಅಪ್ಪ ಕೆಳಗಿಳಿಯಲೇ ಇಲ್ಲ. ಕಿಟಕಿಯಿಂದ ತಲೆ ಹೊರಹಾಕಿ ಕೂತಿದ್ದ, ಒಂದೂ ಮಾತು ಹೇಳಲಿಲ್ಲ. ಹದಿನೆಂಟು ನಿಮಿಷ. ಟೈರಿನಲ್ಲಿ ಸಿಕ್ಕಿದ್ದು ಎತ್ತಿನ ಲಾಳದ ಮೊಳೆ. ನಾನು ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಲನೆಲ್ಲಿಯ ಅಣ್ಣತಮ್ಮಂದಿರಿಗೆ ತೋರಿಸಬೇಕಿತ್ತು. ಕುಳಗೇರಿ ಕ್ರಾಸಿನಲ್ಲಿ ಪ್ಯಾಚು ಹಾಕಿಸಿದೆವು. ಅಲ್ಲಿಯವರೆಗಿನ ದಾರಿಯಲ್ಲಿ ಭಾವ ಎರಡು ಸಲ ಹಿಂತಿರುಗಿ, ದೋಣಿಯಲ್ಲಿ ಕಟ್ಟಿದ್ದ ಆ ಅರ್ಧ ಸವೆದ ಎರಡನೇ ಸ್ಟೆಪ್ನಿ ಅಲ್ಲೇ ಇದೆಯೇ ಎಂದು ನೋಡಿದರು.

ಕೊಲ್ಹಾರದಲ್ಲಿ ಸಂಜೆಯ ಬೆಳಕಿನಲ್ಲಿ ದೋಣಿ ನೀರಿಗಿಳಿಯಿತು. ದುಡ್ಡು ಎಣಿಸಿಕೊಟ್ಟರು. ಉಪ್ಪಿಲ್ಲದ ನೀರಿನಲ್ಲಿ ತನ್ನ ದೋಣಿ ನಿಂತದ್ದನ್ನು ನೋಡುತ್ತ ಭಾವ ಬಹಳ ಹೊತ್ತು ಕಟ್ಟೆಯ ಮೇಲೆ ಕೂತಿದ್ದರು. ವಾಪಸು ಬರುವಾಗ ಖಾಲಿ ಟ್ರೇಲರು ಕುಣಿಯುತ್ತ ಬಂತು.

ಊರಿಗೆ ಬಂದ ಮರುದಿನ ಅಪ್ಪ ಬಳಸದೇ ಉಳಿದ ಆ ಸ್ಟೆಪ್ನಿಯ ಮೇಲೆ ಸೀಮೆಸುಣ್ಣದಿಂದ ತಾರೀಕು ಬರೆದು ಅಟ್ಟಕ್ಕೆ ಏರಿಸಿದ. ಆಮೇಲೆ ಅಂಗಳದಲ್ಲಿ ನಿಂತಿದ್ದ ನನ್ನ ಕಾರಿನತ್ತ ನೋಡಿದ. ನಾನು ದಿನಾ ಕಾರವಾರಕ್ಕೆ ಓಡಾಡುವ ಕಾರು.

“ಇದರ ಸ್ಟೆಪ್ನಿ ಯಾವಾಗ ನೋಡಿದ್ದೆ?”

ನಾನು ಉತ್ತರ ಕೊಡಲಿಲ್ಲ. ಡಿಕ್ಕಿ ತೆರೆದು, ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು, ಕೊಡೆ, ತೆಂಗಿನಕಾಯಿಯ ಚೀಲ ಎಲ್ಲ ತೆಗೆದೆ. ಅಪ್ಪ ಬಾಗಲಾರದೆ ಬಾಗಿ, ವಾಲ್ವಿನ ಟೋಪಿ ತಿರುಪಿ ತೆಗೆದ. ಬೆರಳಿಗೆ ಉಗುಳು ಹಚ್ಚಿ ಸವರಿದ. ಇಬ್ಬರೂ ನೋಡುತ್ತ ನಿಂತೆವು. ಸ್ವಲ್ಪ ಹೊತ್ತಿಗೆ, ಬಹಳ ನಿಧಾನವಾಗಿ, ಒಂದು ಗುಳ್ಳೆ ಎದ್ದಿತು.